ಸೆಕೆಂಡ್ ಹ್ಯಾಂಡ್ ಲಕ್ಸುರಿ ಕಾರು: ಯಾವ ವಾರಂಟಿಗೆ ಎಷ್ಟು ಬೆಲೆ ಕೊಡಬಹುದು?

"ಎರಡು ವರ್ಷ ವಾರಂಟಿ ಇದೆ ಸರ್, ಟೆನ್ಷನ್ನೇ ಬೇಡ." ಅಂಧೇರಿಗೆ ಹೋಗಿ, ಥಾಣೆಗೆ ಹೋಗಿ, ಪುಣೆಯ ಬಾಣೇರ್‌ಗೆ ಹೋಗಿ, ಹಳೆ ಬೆಂಜ್, ಬಿಎಂಡಬ್ಲ್ಯು ಮಾರುವವರು ಹೇಳುವ ಮೊದಲ ಮಾತು ಇದೇ. ಮಾತು ಸುಳ್ಳೂ ಅಲ್ಲ. ಆದರೆ ಆ ಎರಡು ವರ್ಷದಲ್ಲಿ ಗಾಡಿ ಕೆಟ್ಟರೆ ದುಡ್ಡು ಕೊಡುವವರು ಯಾರು, ಯಾವ ಪಾರ್ಟ್‌ಗೆ ಕೊಡುತ್ತಾರೆ, ಯಾವುದಕ್ಕೆ ಕೈ ಎತ್ತುತ್ತಾರೆ ಅನ್ನೋದು ಆ ಒಂದು ಸಾಲಿನಲ್ಲಿ ಇರುವುದಿಲ್ಲ.

ಮುಂಬೈ, ಪುಣೆಯ ಕನ್ನಡದವರಲ್ಲಿ ಈ ಥರದ ಕಾರು ಹುಡುಕುವವರು ಈಗ ಜಾಸ್ತಿ. ಹೋಟೆಲ್ ನಡೆಸುವವರು ಇದ್ದಾರೆ, ಹಿಂಜವಡಿಯ ಐಟಿಯವರು ಇದ್ದಾರೆ, ಗೋವಾದಲ್ಲಿ ವ್ಯಾಪಾರ ಮಾಡಿಕೊಂಡಿರುವ ಬೆಳಗಾವಿ ಕಡೆಯವರೂ ಇದ್ದಾರೆ. ಲೆಕ್ಕ ಎಲ್ಲರದ್ದೂ ಒಂದೇ: ಹೊಸದಕ್ಕೆ 60 ಲಕ್ಷ ಸುರಿಯುವ ಬದಲು ಮೂರು ವರ್ಷ ಓಡಿದ್ದನ್ನು 38ಕ್ಕೆ ತಗೊಂಡರೆ ಆಯ್ತಲ್ಲ! ಲೆಕ್ಕ ಸರಿಯೇ. ಒಂದು ವಿಷಯ ಮಾತ್ರ ಅದರಲ್ಲಿ ಬಿಟ್ಟುಹೋಗಿರುತ್ತದೆ. ಕಾರಿನ ಬೆಲೆ ಇಳಿದ ಹಾಗೆ ಪಾರ್ಟ್‌ಗಳ ಬೆಲೆ ಇಳಿಯುವುದಿಲ್ಲ. ನೀವು ಎಷ್ಟಕ್ಕೇ ಕೊಂಡಿರಿ, ಗೇರ್‌ಬಾಕ್ಸ್ ಕೈಕೊಟ್ಟರೆ ಬಿಲ್ಲು ಬರುವುದು 60 ಲಕ್ಷದ ಕಾರಿನದ್ದೇ.

ಹಾಗಾಗಿ ವಾರಂಟಿಯನ್ನು ವರ್ಷ ಎಣಿಸಿ ಹೋಲಿಸಬೇಡಿ. ಒಂದು ವರ್ಷದ ಗಟ್ಟಿ ಕಾಗದ ಮೂರು ವರ್ಷದ ಜೊಳ್ಳು ಕಾಗದಕ್ಕಿಂತ ಎಷ್ಟೋ ಮೇಲು. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ನೋಡೋಣ.

ಮೊದಲ ಪ್ರಶ್ನೆ: ಕಂಪನಿ ವಾರಂಟಿ ಎಷ್ಟು ಬಾಕಿ ಇದೆ?

ಹೊಸ ಕಾರಿಗೆ ಕಂಪನಿ ಕೊಟ್ಟ ವಾರಂಟಿ ಕಾರಿನ ಚಾಸಿ ನಂಬರಿಗೆ ಸೇರಿದ್ದು, ಮಾಲೀಕನಿಗಲ್ಲ. ಗಾಡಿ ಕೈ ಬದಲಾದರೂ ಉಳಿದ ಅವಧಿ ಮುಂದುವರಿಯುತ್ತದೆ. ಮರ್ಸಿಡಿಸ್-ಬೆಂಜ್ ನಮ್ಮಲ್ಲಿ ಹೊಸ ಕಾರಿಗೆ 3 ವರ್ಷ ಕೊಡುತ್ತದೆ, ಕಿಲೋಮೀಟರ್ ಮಿತಿ ಇಲ್ಲ. ಬಿಎಂಡಬ್ಲ್ಯು ಬಹಳ ಕಾಲ ಕೊಟ್ಟಿರುವುದು 2 ವರ್ಷ, ಅಲ್ಲೂ ಕಿಲೋಮೀಟರ್ ಮಿತಿ ಇಲ್ಲ. ಲ್ಯಾಂಡ್ ರೋವರ್‌ಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಲೆಕ್ಸಸ್ 2024ರ ಜೂನ್‌ನಿಂದ ಮಾರಿದ ಹೊಸ ಕಾರುಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಕೊಡುತ್ತಿದೆ. ಎರಡು ವರ್ಷ ಹಳೆಯ ಬೆಂಜ್‌ಗೂ ಎರಡು ವರ್ಷ ಹಳೆಯ ಬಿಎಂಡಬ್ಲ್ಯುಗೂ ಬೆಲೆ ಒಂದೇ ಹೇಳಿದರು ಅಂದುಕೊಳ್ಳಿ. ಒಂದರಲ್ಲಿ ಇನ್ನೂ ಒಂದು ವರ್ಷದ ಕಂಪನಿ ವಾರಂಟಿ ಉಳಿದಿದೆ, ಇನ್ನೊಂದರಲ್ಲಿ ಮುಗಿದೇ ಹೋಗಿದೆ. ಬೆಲೆ ಒಂದೇ ಹೇಗಾಗುತ್ತದೆ?

ಈ ಬಾಕಿ ಅವಧಿಯಷ್ಟು ಒಳ್ಳೆಯ ರಕ್ಷಣೆ ಬೇರೆ ಯಾವುದೂ ಕೊಡುವುದಿಲ್ಲ. ತಯಾರಿಕೆಯ ದೋಷದಿಂದ ಕೆಟ್ಟದ್ದು ಸಾಬೀತಾದರೆ ಪಾರ್ಟು, ಲೇಬರ್ ಎರಡೂ ಕಂಪನಿಯ ತಲೆಗೆ. ದೇಶದ ಯಾವ ಅಧಿಕೃತ ವರ್ಕ್‌ಶಾಪ್‌ಗೆ ಬೇಕಾದರೂ ಹೋಗಬಹುದು. ಒಂದು ಕ್ಲೇಮ್‌ಗೆ ಇಷ್ಟೇ ರೂಪಾಯಿ ಅನ್ನೋ ಗೆರೆಯೂ ಇಲ್ಲ.

ಆದರೆ ಶುರುವಿನ ದಿನಾಂಕ ನೋಡಿಕೊಳ್ಳಿ. ವಾರಂಟಿ ಶುರುವಾಗುವುದು ಕಾರು ಮೊದಲ ಗಿರಾಕಿಯ ಕೈ ಸೇರಿದ ದಿನ ಅಥವಾ ಮೊದಲು ರಿಜಿಸ್ಟರ್ ಆದ ದಿನ. ನೀವು ಕೊಂಡ ದಿನ ಅಲ್ಲ. ಡೆಮೊ ಕಾರುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ ಅಂತ ತೋರಿಸುತ್ತಾರೆ. ಆದರೆ ಶೋರೂಮ್ ಹೆಸರಿನಲ್ಲಿ ರಿಜಿಸ್ಟರ್ ಆಗಿ ಹದಿನಾಲ್ಕು ತಿಂಗಳು ಕಳೆದಿದ್ದರೆ ಅಷ್ಟು ವಾರಂಟಿ ನಿಂತಲ್ಲೇ ಕರಗಿದೆ. ಚಾಸಿ ನಂಬರ್ ಬರೆದುಕೊಂಡು ಬೇರೊಂದು ಅಧಿಕೃತ ವರ್ಕ್‌ಶಾಪ್‌ನಲ್ಲಿ ಕೇಳಿದರೆ ಶುರುವಿನ ದಿನಾಂಕ, ಸರ್ವಿಸ್ ಹಿಸ್ಟರಿ, ಹಳೆ ಕ್ಲೇಮ್‌ಗಳು ಕಂಪ್ಯೂಟರಿನಲ್ಲೇ ಕಾಣುತ್ತವೆ. ಈಗಿನ ಮಾಲೀಕರನ್ನೇ ಕರೆದುಕೊಂಡು ಹೋದರೆ ಇನ್ನೂ ಸುಲಭ. ಕರೆದರೆ ಬರಲು ಒಪ್ಪದ ಮಾಲೀಕರ ಕಾರನ್ನು ನಾನಂತೂ ಮುಟ್ಟುವುದಿಲ್ಲ.

ಎಕ್ಸ್‌ಟೆಂಡೆಡ್ ವಾರಂಟಿ

ಮೊದಲ ಮಾಲೀಕರು ದುಡ್ಡು ಕೊಟ್ಟು ಕಂಪನಿಯಿಂದಲೇ ಒಂದೆರಡು ವರ್ಷ ಹೆಚ್ಚಿಗೆ ವಾರಂಟಿ ಮಾಡಿಸಿರುತ್ತಾರೆ. ಇದೂ ಸಾಮಾನ್ಯವಾಗಿ ಕಾರಿನ ಜೊತೆಗೇ ಬರುತ್ತದೆ. ಆದರೆ ಕೆಲವು ಸಲ ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬೇಕು, ಅದಕ್ಕೆ ಗಡುವೂ ಇರುತ್ತದೆ. ಆರ್‌ಸಿ ವರ್ಗಾವಣೆಯ ಓಡಾಟದಲ್ಲಿ ಇದನ್ನು ಮರೆತುಬಿಡುವವರು ತುಂಬಾ ಜನ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮೂಲ ವಾರಂಟಿ ಮುಗಿಯುವ ಮೊದಲೇ ಕೊಂಡರೆ ಸುಲಭ. ಮುಗಿದ ಮೇಲೆ ಗಾಡಿಯನ್ನು ತಪಾಸಣೆಗೆ ಬಿಡಬೇಕಾಗುತ್ತದೆ, ದರ ಏರುತ್ತದೆ, ಕೆಲವೊಮ್ಮೆ ಕೊಡುವುದೇ ಇಲ್ಲ. ಅಂದರೆ ವಾರಂಟಿ ಇನ್ನು ಎರಡು ತಿಂಗಳು ಮಾತ್ರ ಇರುವ ಕಾರು, ಮೊನ್ನೆ ತಾನೇ ವಾರಂಟಿ ಮುಗಿದ ಕಾರಿಗಿಂತ ಬೆಲೆಬಾಳುತ್ತದೆ. ಎರಡು ತಿಂಗಳ ರಕ್ಷಣೆಗಾಗಿ ಅಲ್ಲ, ಮುಂದಿನ ವರ್ಷಗಳನ್ನು ಕೊಳ್ಳುವ ಅವಕಾಶ ಅದರಲ್ಲಿ ಇನ್ನೂ ಉಳಿದಿದೆ ಅಂತ.

ಕಂಪನಿಯ ಸರ್ಟಿಫೈಡ್ ಕಾರು

ಮರ್ಸಿಡಿಸ್-ಬೆಂಜ್ ಸರ್ಟಿಫೈಡ್, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್, ಹೀಗೆ ಒಂದೊಂದು ಕಂಪನಿಗೂ ಒಂದೊಂದು ಹೆಸರು. ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ. ವಯಸ್ಸು, ಕಿಲೋಮೀಟರ್ ಮಿತಿಯೊಳಗಿನ ಕಾರನ್ನು ಡೀಲರ್ ತಗೊಳ್ಳುತ್ತಾರೆ. ಕಂಪನಿಯ ಪಟ್ಟಿ ಹಿಡಿದು ತಪಾಸಣೆ ಮಾಡುತ್ತಾರೆ, ಬೇಕಾದ ರಿಪೇರಿ ಮಾಡಿಸಿ, ಕಂಪನಿಯ ಹೆಸರಿನಲ್ಲೇ ವಾರಂಟಿ ಕೊಟ್ಟು ಮಾರುತ್ತಾರೆ. ದಾರಿಯಲ್ಲಿ ನಿಂತುಹೋದರೆ ಟೋಯಿಂಗ್ ಸೌಲಭ್ಯವೂ ಸಾಮಾನ್ಯವಾಗಿ ಸೇರಿರುತ್ತದೆ.

ಬೆಲೆ ಮಾರುಕಟ್ಟೆಗಿಂತ ಜಾಸ್ತಿ. ಕೊಡಬಹುದಾ? ಕೊಡಬಹುದು, ಮೂರು ಸಂಗತಿ ಕಾಗದದಲ್ಲಿ ಸಿಕ್ಕಿದರೆ.

ಮೊದಲನೆಯದು, ಈ ವಾರಂಟಿ ಕಂಪನಿ ವಾರಂಟಿ ಮುಗಿದ ಮೇಲೆ ಶುರುವಾಗುತ್ತದೋ, ಡೆಲಿವರಿ ದಿನದಿಂದಲೇ ಎಣಿಕೆಯೋ. ಒಂಬತ್ತು ತಿಂಗಳ ಕಂಪನಿ ವಾರಂಟಿ ಬಾಕಿ ಇರುವ ಕಾರಿಗೆ "24 ತಿಂಗಳ ಸರ್ಟಿಫೈಡ್ ವಾರಂಟಿ" ಅಂದರೆ ಕೇಳೋಕೆ ಚೆಂದ. ಡೆಲಿವರಿಯಿಂದಲೇ ಎಣಿಸಿದರೆ ನಿಮಗೆ ನಿಜವಾಗಿ ಸಿಗುವುದು ಹದಿನೈದೇ ತಿಂಗಳು, ಒಂಬತ್ತು ತಿಂಗಳು ಹೇಗೂ ನಿಮ್ಮದೇ ಇತ್ತು. ಎರಡನೆಯದು, ವಾರಂಟಿಯ ಜವಾಬ್ದಾರಿ ಕಂಪನಿಯದ್ದೇ, ಅಥವಾ ಹಿಂದೆ ಯಾವುದಾದರೂ ವಿಮಾ ಕಂಪನಿ ಇದೆಯೇ. ವಿಮಾ ಕಂಪನಿ ಇದ್ದರೆ ತಪ್ಪೇನಿಲ್ಲ, ಆದರೆ ಆಗ ಅದರ ನಿಯಮದ ಪುಸ್ತಕ ಬೇರೆ ಇರುತ್ತದೆ, ಕೇಳಿ ತಗೊಳ್ಳಿ. ಮೂರನೆಯದು, ನೀವು ನೋಡುತ್ತಿರುವ ಕಾರೇ ಸರ್ಟಿಫೈಡ್ ಆಗಿದೆಯೇ?

ಮೂರನೆಯದು ಸುಮ್ನೆ ಕೇಳಿದ್ದಲ್ಲ. ಅದೇ ಶೋರೂಮಿನ ಅದೇ ದೀಪದ ಕೆಳಗೆ ಎಕ್ಸ್‌ಚೇಂಜ್‌ನಲ್ಲಿ ಬಂದ ಬೇರೆ ಬ್ರ್ಯಾಂಡಿನ ಕಾರುಗಳೂ ನಿಂತಿರುತ್ತವೆ. ವಯಸ್ಸಿನ ಮಿತಿ ದಾಟಿದ ಅದೇ ಬ್ರ್ಯಾಂಡಿನ ಕಾರುಗಳೂ ಇರುತ್ತವೆ. ಬೋರ್ಡ್ ಗೋಡೆಗೆ ಹಾಕಿದ್ದಾರೆ ಅಂದ ಮಾತ್ರಕ್ಕೆ ಒಳಗಿನ ಎಲ್ಲಾ ಗಾಡಿಗೂ ಅದು ಅನ್ವಯವಾಗುವುದಿಲ್ಲ. ನಿಮ್ಮ ಚಾಸಿ ನಂಬರ್ ಇರುವ ಸರ್ಟಿಫಿಕೇಟು, ತಪಾಸಣೆಯ ತುಂಬಿದ ಪಟ್ಟಿ, ಎರಡನ್ನೂ ಟೋಕನ್ ಕೊಡುವ ಮೊದಲೇ ನೋಡಿ.

ಮಲ್ಟಿ ಬ್ರ್ಯಾಂಡ್ ಅಂಗಡಿಯ ವಾರಂಟಿ

ಎಲ್ಲಾ ಬ್ರ್ಯಾಂಡ್ ಮಾರುವ ದೊಡ್ಡ ಅಂಗಡಿಗಳು ಕೊಡುವ ವಾರಂಟಿ ಹೆಚ್ಚಾಗಿ ಮೂರನೆಯವರದ್ದು. ಒಂದು ವಾರಂಟಿ ಸಂಸ್ಥೆ, ಅದರ ಹಿಂದೆ ಒಂದು ವಿಮಾ ಕಂಪನಿ. ಇಲ್ಲೇ ಜನ ಹೆಚ್ಚು ಏಮಾರುವುದು. ಮೋಸ ಅಂತ ಹೇಳಲಾರೆ. ಬರೆದಿರುವುದನ್ನು ಯಾರೂ ಓದಿರುವುದಿಲ್ಲ, ಅಷ್ಟೇ.

ವಾರಂಟಿ ಬರೆಯುವ ರೀತಿಯಲ್ಲಿ ಎರಡು ಬಗೆ. ಒಂದು, "ಈ ಕೆಳಗಿನವು ಬಿಟ್ಟು ಎಲ್ಲಕ್ಕೂ ರಕ್ಷಣೆ ಇದೆ" ಅನ್ನುವುದು. ಇನ್ನೊಂದು, "ಈ ಕೆಳಗಿನ ಪಾರ್ಟ್‌ಗಳಿಗೆ ಮಾತ್ರ ರಕ್ಷಣೆ" ಅನ್ನುವುದು. ಮೊದಲನೆಯದರಲ್ಲಿ ಪಟ್ಟಿಯಲ್ಲಿ ಇಲ್ಲದ್ದು ನಿಮ್ಮ ಲಾಭ. ಎರಡನೆಯದರಲ್ಲಿ ಪಟ್ಟಿಯಲ್ಲಿ ಇಲ್ಲದ್ದು ನಿಮ್ಮ ಖರ್ಚು. ಕಂಪನಿ ವಾರಂಟಿ ಮೊದಲ ಬಗೆಯದ್ದು. ಅಂಗಡಿಯ ವಾರಂಟಿ ಬಹುಪಾಲು ಎರಡನೆಯ ಬಗೆಯದ್ದು.

ಮುಲುಂಡ್‌ನಲ್ಲಿ ಹೋಟೆಲ್ ಇಟ್ಟಿರುವ ಪರಿಚಯದ ಶೆಟ್ಟರೊಬ್ಬರು ಹೀಗೊಂದು ಜರ್ಮನ್ ಸೆಡಾನ್ ತಗೊಂಡರು. ನಾಲ್ಕನೇ ತಿಂಗಳಿಗೆ ಗಾಡಿ ಎರಡನೇ ಗೇರಿನಲ್ಲಿ ಜಗ್ಗತೊಡಗಿತು. ವರ್ಕ್‌ಶಾಪ್‌ನವರು ಸ್ಕ್ಯಾನ್ ಮಾಡಿ ಜಾಬ್ ಕಾರ್ಡಿನಲ್ಲಿ ಬರೆದದ್ದು: ಮೆಕಾಟ್ರಾನಿಕ್ ಯೂನಿಟ್ ಬದಲಾಯಿಸಬೇಕು. ಗೇರ್‌ಬಾಕ್ಸ್ ಒಳಗೆ ಎಣ್ಣೆಯ ಒತ್ತಡವನ್ನು ಹಿಡಿತದಲ್ಲಿಟ್ಟು ಗೇರ್ ಬದಲಾಯಿಸುವ ಎಲೆಕ್ಟ್ರಾನಿಕ್ ಬೋರ್ಡು, ವಾಲ್ವ್‌ಗಳು ಎಲ್ಲಾ ಸೇರಿದ ಭಾಗ ಅದು. ಬೆಲೆ ಲಕ್ಷಗಳಲ್ಲಿ. ವಾರಂಟಿ ಕಾಗದ ತೆಗೆದು ನೋಡಿದರೆ "ಗೇರ್‌ಬಾಕ್ಸ್" ಅನ್ನೋ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದು "ಒಳಗಿನ, ಎಣ್ಣೆಯಲ್ಲಿ ಓಡುವ ಮೆಕ್ಯಾನಿಕಲ್ ಭಾಗಗಳು" ಅಂತ. ಎಲೆಕ್ಟ್ರಾನಿಕ್ ಭಾಗ ಅದರಲ್ಲಿ ಬರುವುದಿಲ್ಲ. "ಗೇರ್‌ಬಾಕ್ಸ್ ಕವರ್ ಇದೆ ಅಂದ್ರು ಮಾರಾಯ್ರೆ, ಅದರ ಹೊಟ್ಟೆಯೊಳಗಿನ ಬೋರ್ಡು ಮಾತ್ರ ಇಲ್ವಂತೆ!" ಅಂತ ಫೋನಿನಲ್ಲಿ ಕೂಗಾಡಿದರು. ಕ್ಲೇಮ್ ತಿರಸ್ಕಾರವಾಯಿತು, ನಿಯಮದ ಪ್ರಕಾರವೇ.

ಆದ್ದರಿಂದ ಈ ಕಾಗದ ಕೈಗೆ ಬಂದಾಗ ಮೇಲಿನ ತಲೆಬರಹಗಳನ್ನು ಬಿಡಿ, ನೇರವಾಗಿ ಈ ಹೆಸರುಗಳನ್ನು ಹುಡುಕಿ: ಮೆಕಾಟ್ರಾನಿಕ್, ಟರ್ಬೋ ಮತ್ತು ಅದರ ಆಕ್ಚುಯೇಟರ್, ಇಂಜೆಕ್ಟರ್, ಏರ್ ಸಸ್ಪೆನ್ಷನ್‌ನ ಕಂಪ್ರೆಸರ್, ಸ್ಟೀರಿಂಗ್ ರ‍್ಯಾಕ್, ಕಂಟ್ರೋಲ್ ಯೂನಿಟ್‌ಗಳು, ಡಿಸ್‌ಪ್ಲೇ, ಎಸಿ ಕಂಪ್ರೆಸರ್. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಆದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಆಡ್‌ಬ್ಲೂ ಪಂಪು (ಹೊಗೆ ಶುದ್ಧ ಮಾಡುವ ದ್ರವ ಹಾಯಿಸುವುದು), ನಾಕ್ಸ್ ಸೆನ್ಸರ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವುದು) ಕೂಡ. ಲಕ್ಸುರಿ ಕಾರಿನಲ್ಲಿ ಜೇಬು ಸುಡುವುದು ಇವೇ. ಎಂಜಿನ್ ಬ್ಲಾಕು, ಕ್ರ್ಯಾಂಕ್ ಶಾಫ್ಟು ಕೆಡುವುದು ಅಪರೂಪ, ಅದಕ್ಕೇ ಅವುಗಳ ಹೆಸರು ಪಟ್ಟಿಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಇರುತ್ತದೆ!

ಆಮೇಲೆ ರೂಪಾಯಿ ಮಿತಿ. ಒಂದು ಕ್ಲೇಮ್‌ಗೆ ಎಷ್ಟು, ಒಟ್ಟು ಎಷ್ಟು? ಎರಡೂವರೆ ಲಕ್ಷದ ಕೆಲಸಕ್ಕೆ ಒಂದು ಲಕ್ಷದ ಮಿತಿ ಇದ್ದರೆ ವಾರಂಟಿ ಇದ್ದೂ ಒಂದೂವರೆ ಲಕ್ಷ ನಿಮ್ಮದೇ. ಕಿಲೋಮೀಟರ್ ಹೆಚ್ಚಿದ ಹಾಗೆ ಪಾರ್ಟಿನ ಬೆಲೆಯಲ್ಲಿ ಇಷ್ಟು ಶೇಕಡಾ ಗಿರಾಕಿ ಕೊಡಬೇಕು ಅನ್ನೋ ಷರತ್ತೂ ಇರಬಹುದು. ಬಿಚ್ಚಿ ನೋಡುವ ಲೇಬರ್, ಎಣ್ಣೆ, ಕೂಲೆಂಟ್, ಗ್ಯಾಸ್ಕೆಟ್ ಯಾರ ಲೆಕ್ಕಕ್ಕೆ ಅಂತಲೂ ಕೇಳಿ. ಕೊಂಡ ಮೊದಲ ಕೆಲವು ವಾರ ಕ್ಲೇಮ್ ಮಾಡುವಂತಿಲ್ಲ ಅನ್ನುವವರೂ ಇದ್ದಾರೆ. ರಿಪೇರಿ ಅಧಿಕೃತ ವರ್ಕ್‌ಶಾಪ್‌ನಲ್ಲೋ, ಅವರು ಹೇಳಿದ ಗ್ಯಾರೇಜಿನಲ್ಲೋ ಅನ್ನೋದು ಕೊನೆಯ ಪ್ರಶ್ನೆ. ಮರುಮಾರಾಟದ ಬೆಲೆ ಇದರ ಮೇಲೆ ನಿಂತಿದೆ.

ಇನ್ನು ಲೆಟರ್‌ಹೆಡ್ ವಾರಂಟಿ. "ಎಂಜಿನ್, ಗೇರ್‌ಬಾಕ್ಸ್‌ಗೆ ಆರು ತಿಂಗಳು ನಮ್ಮ ಗ್ಯಾರಂಟಿ" ಅಂತ ಅಂಗಡಿಯವರು ಸಹಿ ಹಾಕಿ ಕೊಡುವ ಚೀಟಿ. ಅದರ ಬೆಲೆ ಸೊನ್ನೆ ಅಂತ ಇಟ್ಟುಕೊಂಡು ಚೌಕಾಸಿ ಮಾಡಿ. ಒಳ್ಳೆಯ ಅಂಗಡಿಯವರು ಮಾತಿಗೆ ನಿಂತರೆ ಅದು ಮೇಲಿನ ಲಾಭ.

ಸರ್ವಿಸ್ ಪ್ಯಾಕೇಜ್ ವಾರಂಟಿ ಅಲ್ಲ

ಬಿಎಂಡಬ್ಲ್ಯು ಸರ್ವಿಸ್ ಇನ್‌ಕ್ಲೂಸಿವ್ ಥರದ ಪ್ಯಾಕೇಜ್ ಬಾಕಿ ಇದೆ ಅಂತ ಹೇಳಿದಾಗ ಅದನ್ನೇ ವಾರಂಟಿ ಅಂದುಕೊಳ್ಳುವವರು ಬಹಳ. ಅದು ಆಯಿಲ್, ಫಿಲ್ಟರ್‌ನಂಥ ನಿಗದಿತ ಸರ್ವಿಸ್‌ನ ಖರ್ಚನ್ನು ಮೊದಲೇ ಕಟ್ಟಿಟ್ಟಿರುವುದು. ದೊಡ್ಡ ಪ್ಯಾಕೇಜ್‌ನಲ್ಲಿ ಬ್ರೇಕ್ ಪ್ಯಾಡ್, ಡಿಸ್ಕ್ ಕೂಡ ಸೇರಿರಬಹುದು. ಒಳ್ಳೆಯದೇ, ದುಡ್ಡು ಉಳಿಯುತ್ತದೆ. ಆದರೆ ಟರ್ಬೋ ಹೋದರೆ ಅದು ಏನೂ ಮಾಡುವುದಿಲ್ಲ. ಉಲ್ಟಾನೂ ಅಷ್ಟೇ: ಯಾವ ವಾರಂಟಿಯೂ ಟೈರು, ಬ್ರೇಕ್ ಪ್ಯಾಡ್, ವೈಪರ್‌ನಂಥ ಸವೆಯುವ ವಸ್ತುಗಳನ್ನು ಕೊಡುವುದಿಲ್ಲ. ರನ್‌ಫ್ಲಾಟ್ ಟೈರಿನ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರು) ಕಾರು ಕೊಳ್ಳುವಾಗ ನಾಲ್ಕೂ ಟೈರಿನ ಸವೆತ ನೋಡಿ, ಅದರ ಬೆಲೆಯನ್ನು ಅಲ್ಲೇ ಕಡಿಮೆ ಮಾಡಿಸಿ.

ಮಳೆ, ಉಪ್ಪುಗಾಳಿ ಮತ್ತು ಸನ್‌ರೂಫಿನ ತೂತು

ನಮ್ಮ ಊರುಗಳಲ್ಲಿ ವಾರಂಟಿ ಬಗ್ಗೆ ಮಾತಾಡುವಾಗ ನೀರಿನ ಮಾತು ಬಿಡುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ಹಳಬರಿಗೆ ನೆನಪಿದೆ. ಅಷ್ಟು ದೂರ ಹೋಗುವುದೇ ಬೇಡ, ಹಿಂದ್‌ಮಾತಾ, ಅಂಧೇರಿ ಸಬ್‌ವೇ ಪ್ರತಿ ಮಳೆಗಾಲವೂ ಸುದ್ದಿಯಲ್ಲಿ ಇರುತ್ತವೆ. ಪುಣೆಯವರು ನಮಗೇನು ಅನ್ನುತ್ತಿದ್ದರು, 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದಾಗ ಪಾರ್ಕಿಂಗ್‌ನ ಕಾರುಗಳೂ ಮುಳುಗಿದವು.

ನೀರು ನುಗ್ಗಿ ಕೆಟ್ಟ ಎಂಜಿನ್‌ಗೆ ಯಾವ ವಾರಂಟಿಯೂ ಬರುವುದಿಲ್ಲ. ಹೊಸದೂ ಇಲ್ಲ, ಸರ್ಟಿಫೈಡೂ ಇಲ್ಲ. ಅದು ವಿಮೆಯ ವಿಷಯ, ಅದರಲ್ಲೂ ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಇದ್ದರೆ ಮಾತ್ರ ನೆಮ್ಮದಿ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸಿಲಿಂಡರ್ ಒಳಗಿನ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಗ ವಿಮೆಯವರೂ ತಕರಾರು ತೆಗೆಯುತ್ತಾರೆ. ಅಂದಹಾಗೆ, ಗಾಡಿಯ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಕಾನೂನು ಕೊಡುವುದು 14 ದಿನ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆ ಹೋಗುತ್ತದೆ, ನಿಮಗೆ ಬರುವುದಿಲ್ಲ.

ಇದಕ್ಕಿಂತ ಗೋಜಲಿನದ್ದು ಸನ್‌ರೂಫ್. ಗಾಜಿನ ಸುತ್ತ ಇರುವ ಕಾಲುವೆಯ ಮೂಲೆಗಳಲ್ಲಿ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ರಬ್ಬರ್ ಪೈಪುಗಳು ಕಂಬಗಳ ಒಳಗೆ ಇಳಿದು ಕೆಳಗೆ ನೀರು ಬಿಡುತ್ತವೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆ, ಧೂಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ನೀರು ಹೊರಗೆ ಹೋಗಲಾರದೆ ಛಾವಣಿಯ ಬಟ್ಟೆಗೆ, ಅಲ್ಲಿಂದ ಕಾರ್ಪೆಟ್ ಕೆಳಗೆ ಇಳಿಯುತ್ತದೆ. ಹಲವು ಕಾರುಗಳಲ್ಲಿ ಕಂಟ್ರೋಲ್ ಯೂನಿಟ್‌ಗಳು, ವೈರಿಂಗ್ ಜಾಯಿಂಟುಗಳು ಇರುವುದು ಅಲ್ಲೇ. ಕ್ಲೇಮ್ ಹಾಕಿದರೆ "ನಿರ್ವಹಣೆ ಮಾಡಿಲ್ಲ" ಅನ್ನುವ ಉತ್ತರ ಬರುತ್ತದೆ, ವಾದಕ್ಕೆ ದಾರಿ ಕಡಿಮೆ. ನೋಡಲು ಹೋದಾಗ ಸನ್‌ರೂಫ್ ಪೂರ್ತಿ ತೆರೆಸಿ, ಒಂದು ಲೋಟ ನೀರನ್ನು ಮುಂದಿನ ಮೂಲೆಗೆ ನಿಧಾನಕ್ಕೆ ಸುರಿಯಿರಿ. ಚಕ್ರದ ಹತ್ತಿರ ನೆಲಕ್ಕೆ ನೀರು ತೊಟ್ಟಿಕ್ಕಬೇಕು. ಆಮೇಲೆ ಮುಂದಿನ ಸೀಟಿನ ಮ್ಯಾಟ್ ಎತ್ತಿ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ ಒತ್ತಿ ನೋಡಿ. ಸೇಲ್ಸ್‌ನವರು ಮುಖ ನೋಡುತ್ತಾರೆ, ನೋಡಲಿ ಬಿಡಿ.

ಗೋವಾದ ಕಾರುಗಳಲ್ಲಿ ಬೇರೆ ಸಮಸ್ಯೆ. ಕಡಲ ಪಕ್ಕದಲ್ಲೇ ನಿಂತ ಗಾಡಿಯ ಅಡಿಭಾಗ, ಸಸ್ಪೆನ್ಷನ್ ಬೋಲ್ಟುಗಳು, ಎಸಿ ಕಂಡೆನ್ಸರ್ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ಮುಂಬೈಯ ವರ್ಸೋವಾ, ವರಳಿಯಲ್ಲಿ ಹೊರಗೆ ನಿಲ್ಲಿಸಿದ ಗಾಡಿಗೂ ಇದೇ ಮಾತು. ಕಿಲೋಮೀಟರ್ ಕಡಿಮೆ ಇದ್ದರೂ ಲಿಫ್ಟ್ ಮೇಲೆ ಏರಿಸಿ ಅಡಿ ನೋಡದೆ ಮುಂಗಡ ಕೊಡಬೇಡಿ. ಹೊರಗಿನ ಕಾರಣದ ತುಕ್ಕು ವಾರಂಟಿಯ ಹೊರಗಿನ ಪಟ್ಟಿಯಲ್ಲೇ ಇರುತ್ತದೆ.

ವಾರಂಟಿ ಇದ್ದೂ ಇಲ್ಲದಂತೆ ಆಗುವುದು

ಸರ್ವಿಸ್ ತಡ ಮಾಡಿದ ಕಾರು ಮೊದಲನೆಯದು. ಹೊರಗಿನ ಗ್ಯಾರೇಜಿನಲ್ಲಿ ಒಂದು ಆಯಿಲ್ ಸರ್ವಿಸ್ ಮಾಡಿಸಿ ಬಿಲ್ ಇಟ್ಟುಕೊಂಡಿಲ್ಲ ಅಂದರೆ ಅದಕ್ಕೆ ಸಂಬಂಧಪಟ್ಟ ಕ್ಲೇಮ್ ಕಷ್ಟ. ಎರಡನೆಯದು ಟ್ಯೂನಿಂಗ್. ಪುಣೆ, ಮುಂಬೈಯಲ್ಲಿ ಇಸಿಯು ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸುವುದು) ಮಾಡಿಸುವ ಹುಡುಗರು ಬಹಳ. ಮಾರುವ ಮೊದಲು ಹಳೆ ಸಾಫ್ಟ್‌ವೇರ್ ಹಾಕಿಸಿ ಕೊಡುತ್ತಾರೆ. ಆದರೆ ಆಡಿ ಥರದ ಕಂಪನಿಗಳ ಸಿಸ್ಟಮ್‌ನಲ್ಲಿ ಒಮ್ಮೆ ಗುರುತು ಬಿದ್ದರೆ ಅದು ಚಾಸಿ ನಂಬರಿಗೆ ಅಂಟಿಕೊಳ್ಳುತ್ತದೆ, ಎಂಜಿನ್-ಗೇರ್‌ಬಾಕ್ಸ್ ವಾರಂಟಿ ಹೋದಂತೆಯೇ. ಅಧಿಕೃತ ವರ್ಕ್‌ಶಾಪ್‌ನಲ್ಲಿ ಕೇಳುವಾಗ "ವಾರಂಟಿ ಎಷ್ಟಿದೆ" ಅಂತ ಮಾತ್ರ ಕೇಳಬೇಡಿ. "ಈ ಗಾಡಿಯ ಮೇಲೆ ವಾರಂಟಿ ತಡೆ ಏನಾದರೂ ಇದೆಯೇ" ಅಂತಲೂ ಕೇಳಿ.

ವೈರ್ ಕತ್ತರಿಸಿ ಹಾಕಿದ ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್ ಕೂಡ ಎಲೆಕ್ಟ್ರಿಕಲ್ ಕ್ಲೇಮ್‌ಗೆ ಅಡ್ಡ ಬರುತ್ತವೆ.

ದೆಹಲಿ ರಿಜಿಸ್ಟ್ರೇಷನ್ನಿನ ಹಳೆ ಡೀಸೆಲ್‌ಗಳ ಬಗ್ಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ದೊಡ್ಡ ಎಸ್‌ಯುವಿಗಳು ಆಸೆ ಹುಟ್ಟಿಸುವ ಬೆಲೆಗೆ ಈ ಕಡೆ ಬರುತ್ತವೆ. ಅವಕ್ಕೆ ಕಂಪನಿ ವಾರಂಟಿ ಇರುವ ಪ್ರಶ್ನೆಯೇ ಇಲ್ಲ. ಅಂಗಡಿಯವರು ಕೊಡುವ ವಾರಂಟಿಯನ್ನು ನಂಬಿ ಅಂಥ ಗಾಡಿ ತಗೊಳ್ಳುವ ಬದಲು ಹೊಸ ಸ್ಕೋಡಾ ತಗೊಳ್ಳಿ ಅಂತ ನಾನು ಹೇಳುತ್ತೇನೆ.

ಎಲೆಕ್ಟ್ರಿಕ್ ಆದರೆ

ಇಲ್ಲಿ ಬ್ಯಾಟರಿ ವಾರಂಟಿ ಬೇರೆ, ಕಾರಿನ ವಾರಂಟಿ ಬೇರೆ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಅನ್ನೋದು ಸಾಮಾನ್ಯ, ಮರ್ಸಿಡಿಸ್ ಇಕ್ಯೂಎಸ್‌ಗೆ 10 ವರ್ಷ, 2.5 ಲಕ್ಷ ಕಿಲೋಮೀಟರ್. ಹಾಗಾಗಿ ನಾಲ್ಕು ವರ್ಷ ಹಳೆಯ ಎಲೆಕ್ಟ್ರಿಕ್‌ನಲ್ಲಿ ದುಬಾರಿ ಭಾಗಕ್ಕೇ ರಕ್ಷಣೆ ಉಳಿದಿರುತ್ತದೆ, ಇದು ಪೆಟ್ರೋಲ್ ಕಾರಿಗೆ ಇಲ್ಲದ ಲಾಭ. ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡಾ ಇದೆ ಅಂತ ಅಧಿಕೃತ ವರ್ಕ್‌ಶಾಪ್‌ನಿಂದ ಬರೆಸಿಕೊಳ್ಳಿ. ಎಷ್ಟಕ್ಕಿಂತ ಕೆಳಗೆ ಇಳಿದರೆ ಬದಲಾಯಿಸಿ ಕೊಡುತ್ತಾರೆ ಅನ್ನೋದು ವಾರಂಟಿ ಪುಸ್ತಕದಲ್ಲಿ ಇರುತ್ತದೆ, ಹೆಚ್ಚಿನವರದ್ದು ಸುಮಾರು 70 ಶೇಕಡಾ. ಕಾರಿನೊಳಗೇ ಇರುವ ಆನ್‌ಬೋರ್ಡ್ ಚಾರ್ಜರ್ ಬ್ಯಾಟರಿ ವಾರಂಟಿಯಲ್ಲಿ ಬರುತ್ತದೋ ಇಲ್ಲವೋ, ಅದನ್ನು ಬೇರೆಯಾಗಿ ಕೇಳಿ.

ಮೂರು ಕಾರು ಎದುರಿಗಿಟ್ಟು ನೋಡೋಣ

ಒಂದೇ ಮಾಡೆಲ್, ಒಂದೇ ವಯಸ್ಸು, ಸುಮಾರು ಒಂದೇ ಕಿಲೋಮೀಟರ್ ಅಂದುಕೊಳ್ಳಿ. ಕಂಪನಿಯ ಸರ್ಟಿಫೈಡ್ ಶೋರೂಮಿನಲ್ಲಿ 40 ಲಕ್ಷ, ಎರಡು ವರ್ಷ ವಾರಂಟಿ. ಮಲ್ಟಿ ಬ್ರ್ಯಾಂಡ್ ಅಂಗಡಿಯಲ್ಲಿ 37, ಒಂದು ವರ್ಷದ ಪಟ್ಟಿ ವಾರಂಟಿ. ಕೋಥ್ರೂಡ್‌ನ ಒಬ್ಬ ಮಾಲೀಕರು ನೇರವಾಗಿ 35ಕ್ಕೆ ಕೊಡುತ್ತಾರೆ, ಕಂಪನಿ ವಾರಂಟಿ ಇನ್ನು ಐದು ತಿಂಗಳು ಇದೆ. ಅಂಕಿಗಳು ಉದಾಹರಣೆಗೆ ಮಾತ್ರ.

ನನ್ನ ಆಯ್ಕೆ ಕೋಥ್ರೂಡಿನದ್ದು. ಅಧಿಕೃತ ವರ್ಕ್‌ಶಾಪ್‌ನಲ್ಲಿ ದುಡ್ಡು ಕೊಟ್ಟು ತಪಾಸಣೆ ಮಾಡಿಸಿ, ಸಿಕ್ಕ ದೋಷಗಳನ್ನು ಉಳಿದ ಐದು ತಿಂಗಳಲ್ಲೇ ಕಂಪನಿ ಖರ್ಚಿನಲ್ಲಿ ಸರಿ ಮಾಡಿಸಬಹುದು. ಅವಧಿ ಮುಗಿಯುವ ಮೊದಲು ಕಂಪನಿಯ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಬಹುದು. ಅದಕ್ಕೆಷ್ಟು ಅಂತ ಮೊದಲೇ ಬರಹದಲ್ಲಿ ಕೊಟೇಷನ್ ತಗೊಳ್ಳಿ. 35ಕ್ಕೆ ಅದನ್ನು ಸೇರಿಸಿದರೂ 40 ಮುಟ್ಟದಿದ್ದರೆ ಮೇಲಿನ ಶೋರೂಮಿಗೆ ಹೋಗುವ ಕಾರಣವೇನು? ಓಡಾಡಲು ಪುರುಸೊತ್ತಿಲ್ಲ, ಆರ್‌ಟಿಒ ಕೆಲಸ, ಸಾಲ, ಎಲ್ಲಾ ಒಂದೇ ಕಡೆ ಮುಗಿಯಲಿ ಅನ್ನುವವರಿಗೆ ಸರ್ಟಿಫೈಡ್ ಸರಿ. ಹೆಚ್ಚಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಆ ನೆಮ್ಮದಿಗೆ. ಕೋಥ್ರೂಡಿನ ಕಾರಿನ ವಾರಂಟಿ ಮುಗಿದೇ ಹೋಗಿದ್ದರೆ ನಾನೂ ಸರ್ಟಿಫೈಡ್ ಕಡೆಗೇ ವಾಲುತ್ತೇನೆ.

ನಡುವಿನ 37ರ ಕಾರು? ಪಟ್ಟಿಯಲ್ಲಿ ಮೆಕಾಟ್ರಾನಿಕ್, ಏರ್ ಸಸ್ಪೆನ್ಷನ್, ಕಂಟ್ರೋಲ್ ಯೂನಿಟ್ ಇದ್ದು, ಕ್ಲೇಮ್ ಮಿತಿ ದೊಡ್ಡದಿದ್ದು, ರಿಪೇರಿ ಅಧಿಕೃತ ವರ್ಕ್‌ಶಾಪ್‌ನಲ್ಲೇ ಆದರೆ ಯೋಚಿಸಬಹುದು. ಇಲ್ಲವಾದರೆ ಅದನ್ನು ವಾರಂಟಿ ಇಲ್ಲದ ಕಾರು ಅಂತಲೇ ಲೆಕ್ಕ ಹಾಕಿ ಬೆಲೆ ಕೇಳಿ.

ಊರಿಗೆ ಹೋಗುವ ಯೋಚನೆ ಇದ್ದರೆ

ಇನ್ನೆರಡು ವರ್ಷಕ್ಕೆ ಬೆಂಗಳೂರಿಗೋ ಧಾರವಾಡಕ್ಕೋ ವಾಪಸ್ ಹೋಗುವವರು ಒಂದು ಲೆಕ್ಕ ಹಾಕಿಟ್ಟುಕೊಳ್ಳಿ. ಕಂಪನಿ ವಾರಂಟಿಗೆ ರಾಜ್ಯದ ಗಡಿ ಇಲ್ಲ. ತೆರಿಗೆಗೆ ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ತಗೊಳ್ಳಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲ್ಪಟ್ಟ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ 18 ಶೇಕಡಾ, ಅದರ ಮೇಲೆ ಸೆಸ್. ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕಡಿಮೆಯಾಗುತ್ತದೆ, ಆದರೂ ಲಕ್ಷಗಳ ಮಾತೇ. ಗೋವಾ ನಂಬರಿನ ಕಾರು ಅಗ್ಗ ಅಂತ ಚೋರ್ಲಾ ಘಾಟ್ ಹತ್ತಿಸುವವರು ಇದನ್ನು ಮರೆಯುತ್ತಾರೆ. ಮೂರನೆಯವರ ವಾರಂಟಿ ಆದರೆ ನಿಮ್ಮ ಊರಿನ ಹತ್ತಿರ ಅವರ ಪಟ್ಟಿಯ ವರ್ಕ್‌ಶಾಪ್ ಇದೆಯೇ ಅಂತಲೂ ನೋಡಿ.

ಜಗಳಕ್ಕೆ ಬಂದರೆ

ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಇಮೇಲ್ ಆದರೂ ಸರಿ. ಯಾವ ಷರತ್ತಿನ ಪ್ರಕಾರ ಅಂತ ನಂಬರ್ ಹಾಕಿ ಹೇಳಲಿ. ಮೊದಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಾಗಿರುವ ಊರಿನಲ್ಲೇ ದೂರು ಕೊಡಬಹುದು. ಕಾರು ಮುಂಬೈಯಲ್ಲಿ ಕೊಂಡು ಪುಣೆಯಲ್ಲಿ ಇದ್ದರೆ ಪುಣೆಯಲ್ಲೇ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಎರಡು ವರ್ಷದೊಳಗೆ ಹೋಗಬೇಕು. ಹೋಟೆಲ್ ಅಥವಾ ಕಂಪನಿ ಹೆಸರಿನಲ್ಲಿ ಕೊಂಡರೆ "ಇದು ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ಹೂಡುತ್ತಾರೆ. ತೆರಿಗೆ ಉಳಿಸಲು ಸಂಸ್ಥೆಯ ಹೆಸರು ಹಾಕಿಸುವ ಮೊದಲು ನಿಮ್ಮ ಸಿಎ ಜೊತೆ ವಕೀಲರನ್ನೂ ಒಂದು ಮಾತು ಕೇಳಿ.

ಕೊನೆಯ ಕಂತು ಕೊಡುವ ದಿನ ಅವಸರ ಬೇಡ. ಪೂಜೆ, ಫೋಟೋ, ಕೀಲಿ ಕೈಗೆ ಕೊಡುವ ಸಂಭ್ರಮದಲ್ಲಿ "ವಾರಂಟಿ ಕಾಗದ ಮೇಲ್‌ನಲ್ಲಿ ಬರುತ್ತೆ ಸರ್" ಅನ್ನುತ್ತಾರೆ. ಮೇಲ್ ಬರಲಿ, ಆಮೇಲೆ ಆರ್‌ಟಿಜಿಎಸ್ ಮಾಡಿ. ಅದರಲ್ಲಿ ನಿಮ್ಮ ಹೆಸರು, ಚಾಸಿ ನಂಬರ್, ಶುರುವಿನ ದಿನ, ಮುಗಿಯುವ ದಿನ, ಆ ದಿನದ ಕಿಲೋಮೀಟರ್ ಇರಬೇಕು. ಚಾಸಿ ನಂಬರನ್ನು ಕಾಗದದಿಂದ ಓದಿಸಿ, ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ಇರುವ ನಂಬರಿನ ಜೊತೆ ನೀವೇ ನಿಂತು ಒಂದೊಂದೇ ಅಕ್ಷರ ತಾಳೆ ನೋಡಿ. ಹದಿನೇಳು ಅಕ್ಷರ, ಎರಡು ನಿಮಿಷದ ಕೆಲಸ.